ಮೂಗಿನ ನೇರ



ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದವನು ನಾನು. ಒಂದು ಮಳೆಗಾಲದಲ್ಲಿ ಎಂಟನೇ ತರಗತಿಗೆ ಉಕ್ತಲೇಖನ ಕೊಟ್ಟಿದ್ದೆ. ಕಷ್ಟದ ಸಾಲೇನಲ್ಲ: 'ನಮ್ಮ ಮನೆಯ ಮುಂದೆ ಮಾವಿನ ಮರವಿದೆ.' ಸಂಜೆ ನೋಟ್‌ಬುಕ್ಕು ತಿದ್ದಲು ಕೂತರೆ ಕೊನೇ ಬೆಂಚಿನ ಹುಡುಗನೊಬ್ಬ ಹೀಗೆ ಬರೆದಿದ್ದ: 'ದಬ್ಬ ಬದೆಯ ಬುದ್ದೆ ಬಾವಿದ ಬರವಿದೆ.' ಮರುದಿನ ಎಬ್ಬಿಸಿ ನಿಲ್ಲಿಸಿ, ಇದೇನಯ್ಯಾ ಅಂತ ಕೇಳಿದೆ. "ನೀವು ಹೇಳಿದ್ದನ್ನೇ ಬರ್ದಿದೀನಿ ಸಾರ್" ಅಂದ. ತರಗತಿಯೆಲ್ಲ ಗೊಳ್ಳೆಂದಿತು. ಉಳಿದ ಮಕ್ಕಳು ನನ್ನ ಮಾತನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಬರೆದಿದ್ದರು. ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಬರೆದವನು ಅವನೊಬ್ಬನೇ. ಹಾಕಿದ್ದ ಸೊನ್ನೆಯನ್ನು ಹೊಡೆದುಹಾಕಿ ಹತ್ತಕ್ಕೆ ಹತ್ತು ಕೊಟ್ಟೆ.

ಆ ಹುಡುಗ ಗೊತ್ತಿಲ್ಲದೆಯೇ ವ್ಯಾಕರಣದ ಪಾಠವೊಂದನ್ನು ಮಾಡಿ ತೋರಿಸಿದ್ದ. ನಮ್ಮ ವರ್ಗೀಯ ವ್ಯಂಜನಗಳಲ್ಲಿ ಐದನೆಯವು ಅನುನಾಸಿಕ. 'ಬ' ಎನ್ನುವಾಗ ತುಟಿಗಳು ಎಲ್ಲಿ ಕೂಡುತ್ತವೋ 'ಮ' ಎನ್ನುವಾಗಲೂ ಅಲ್ಲೇ ಕೂಡುತ್ತವೆ. ಎರಡನೆಯದಕ್ಕೆ ಗಾಳಿ ಮೂಗಿನಿಂದ ಹೊರಡಬೇಕು, ಅಷ್ಟೇ ವ್ಯತ್ಯಾಸ. ಐದನೆಯ ಅಕ್ಷರದಿಂದ ಮೂಗನ್ನು ಕಳೆದರೆ ಮೂರನೆಯದು ಉಳಿಯುತ್ತದೆ. ಮ ಹೋಗಿ ಬ, ನ ಹೋಗಿ ದ, ಣ ಹೋಗಿ ಡ. ಅಮ್ಮ ಅಂದರೆ ಅಬ್ಬ!

ಸದಾ ಕಟ್ಟಿಕೊಂಡೇ ಇರುತ್ತಿದ್ದ ನನ್ನ ಮೂಗಿಗೆ ನಮ್ಮ ಮನೆಯಲ್ಲಿ 'ಹುಟ್ಟಾ ನೆಗಡಿ' ಅಂತ ಹೆಸರಿಟ್ಟು ಬಿಟ್ಟುಬಿಟ್ಟಿದ್ದರು. ನಾನೂ ಒಪ್ಪಿಕೊಂಡಿದ್ದೆ. ಬಾಯಲ್ಲಿ ಉಸಿರಾಡುತ್ತ ಮಲಗುವುದು, ಬೆಳಗ್ಗೆ ಏಳುವಾಗ ನಾಲಿಗೆ ಒಣಗಿದ ತೆಂಗಿನ ನಾರಿನ ಹಾಗಿರುವುದು, ಊಟಕ್ಕೆ ಕೂತರೆ ಅಗಿಯುವುದೂ ಉಸಿರಾಡುವುದೂ ಒಂದೇ ದಾರಿಗೆ ಜಗಳವಾಡುವುದು, ಇವೆಲ್ಲ ಎಲ್ಲರಿಗೂ ಹೀಗೇ ಇರಬಹುದು ಅಂದುಕೊಂಡಿದ್ದೆ. ಇನ್ನೊಬ್ಬರ ಮೂಗಿನಲ್ಲಿ ನಾವು ಉಸಿರಾಡಿ ನೋಡಿರುವುದಿಲ್ಲವಲ್ಲ. ಹತ್ತು ವರ್ಷದ ಹಿಂದೆ ಇದೇ ಆಕಾಶವಾಣಿಗೆ ಒಂದು ಭಾಷಣದ ಧ್ವನಿಮುದ್ರಣಕ್ಕೆ ಬಂದಾಗ ಗಾಜಿನಾಚೆ ಕೂತಿದ್ದವರು ಎರಡು ಸಲ ನಿಲ್ಲಿಸಿ, "ಸಾರ್, ಮಾತಿಗಿಂತ ಉಸಿರೇ ಜಾಸ್ತಿ ಬರ್ತಿದೆ, ಮೈಕಿನಿಂದ ಸ್ವಲ್ಪ ಹಿಂದಕ್ಕೆ ಕೂತ್ಕೊಳ್ಳಿ" ಅಂದಿದ್ದರು.

ಆಮೇಲೆ ಶುರುವಾಯಿತು ಡ್ರಾಪ್ಸಿನ ಸಹವಾಸ. ಔಷಧಿ ಅಂಗಡಿಯಲ್ಲಿ ಚೀಟಿ ಕೇಳದೆ ಕೊಡುತ್ತಾರೆ. ಹೊಳ್ಳೆಗೆ ಎರಡು ತೊಟ್ಟು ಬಿಟ್ಟುಕೊಂಡರೆ ಐದೇ ನಿಮಿಷ, ಕೋಣೆಯ ಕಿಟಕಿ ತೆರೆದ ಹಾಗೆ. ಮೊದಮೊದಲು ರಾತ್ರಿಗೊಂದು ಸಲ ಸಾಕಾಗುತ್ತಿತ್ತು. ಆಮೇಲೆ ಬೆಳಗ್ಗೆಯೂ ಬೇಕಾಯಿತು, ಆಮೇಲೆ ಮೂರನೇ ಪೀರಿಯಡ್ಡು ಮುಗಿಯುವಷ್ಟರಲ್ಲಿ. ಎರಡು ವರ್ಷ ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನಿನ ಪಕ್ಕ ಆ ಪುಟ್ಟ ಸೀಸೆ ಇರುತ್ತಿತ್ತು. ಆ ಔಷಧಿ ಮೂಗಿನೊಳಗಿನ ರಕ್ತನಾಳಗಳನ್ನು ಹಿಂಡಿ ಊತ ಇಳಿಸುತ್ತದೆ. ಅದರ ಬಲ ಇಳಿದ ಮೇಲೆ ನಾಳಗಳು ಸೇಡು ತೀರಿಸಿಕೊಂಡಂತೆ ಮೊದಲಿಗಿಂತ ಹೆಚ್ಚು ಊದುತ್ತವೆ. ನಾಲ್ಕೈದು ದಿನಕ್ಕಿಂತ ಹೆಚ್ಚು ಹಾಕಬಾರದು ಎಂಬ ಮಾತು ನನ್ನ ಕಿವಿಗೆ ಬಿದ್ದಾಗ ಎರಡು ವರ್ಷ ಕಳೆದಿತ್ತು.

ಕೊನೆಗೆ ಈಎನ್‌ಟಿ ಡಾಕ್ಟರ ಹತ್ತಿರ ಹೋದೆ. ಅವರು ಮೊದಲು ಸೀಸೆಯನ್ನು ಕಸದ ಬುಟ್ಟಿಗೆ ಹಾಕಿಸಿದರು. ಆಮೇಲೆ, "ಕೆನ್ನೆಯನ್ನ ಸ್ವಲ್ಪ ಪಕ್ಕಕ್ಕೆ ಎಳೀರಿ, ಈಗ ಉಸಿರು ತಗೊಳ್ಳಿ" ಅಂದರು. ಇದನ್ನು ನೀವೂ ಈಗ, ರೇಡಿಯೊ ಕೇಳುತ್ತಲೇ ಮಾಡಿ ನೋಡಬಹುದು. ಮೂಗಿನ ಪಕ್ಕದ ಕೆನ್ನೆಗೆ ಬೆರಳೊತ್ತಿ ಕಿವಿಯ ಕಡೆಗೆ ಎಳೆದು ಉಸಿರು ತೆಗೆದುಕೊಳ್ಳಿ. ಗಾಳಿ ಸಲೀಸಾಗಿ ಹೋಯಿತೇ? ಷಿಕಾಗೋದ ಮಾರಿಸ್ ಕಾಟಲ್ ಎಂಬ ವೈದ್ಯರ ಹೆಸರಿನಲ್ಲಿರುವ ಪರೀಕ್ಷೆ ಇದು. ಹೊಳ್ಳೆಯ ಬಾಯಿಂದ ಒಂದೂಕಾಲು ಸೆಂಟಿಮೀಟರಿನಷ್ಟು ಒಳಗೆ ಇಡೀ ಉಸಿರಿನ ದಾರಿಯಲ್ಲೇ ಅತಿ ಇಕ್ಕಟ್ಟಾದ ಒಂದು ಕಂಡಿ ಇದೆ. ಡಾಕ್ಟರುಗಳು ಅದನ್ನು ಮೂಗಿನ ವಾಲ್ವ್ ಅನ್ನುತ್ತಾರೆ. ಮೂಗಿನಿಂದ ಶ್ವಾಸಕೋಶದವರೆಗೆ ಗಾಳಿಗೆ ಎದುರಾಗುವ ಒಟ್ಟು ತಡೆಯಲ್ಲಿ ಅರ್ಧದಷ್ಟು ಮೂಗಿನಲ್ಲೇ, ಅದರಲ್ಲೂ ಹೆಚ್ಚು ಪಾಲು ಈ ಕಂಡಿಯಲ್ಲೇ. ಇಲ್ಲಿ ಒಂದು ಮಿಲಿಮೀಟರ್ ಆಚೀಚೆಯಾದರೂ ಮನುಷ್ಯನಿಗೆ ಗೊತ್ತಾಗುತ್ತದೆ. ಕೆನ್ನೆ ಎಳೆದಾಗ ಹಾಯೆನಿಸಿತು ಅಂತ ನಾಳೆಯೇ ಆಸ್ಪತ್ರೆಗೆ ಓಡಬೇಡಿ. ನೆಟ್ಟಗಿರುವ ಮೂಗಿನವರಿಗೂ ಸ್ವಲ್ಪ ಹಾಯೆನಿಸುತ್ತದೆ.

ಡಾಕ್ಟರು ಬೆಳಕಿನ ಸಣ್ಣ ಕೊಳವೆಯನ್ನು ಮೂಗಿಗೆ ಇಳಿಸಿ ಪರದೆಯಲ್ಲಿ ತೋರಿಸಿದರು. ನನ್ನ ಮೂಗಿನ ಒಳಗನ್ನು ನಾನು ನೋಡಿದ್ದು ಅದೇ ಮೊದಲು. ಹೊರಗಿನಿಂದ ಎಷ್ಟು ನೇರವಿತ್ತೋ ಒಳಗೆ ಅಷ್ಟೇ ಸೊಟ್ಟ. ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇದೆ. ಮುಂಭಾಗ ಮೃದ್ವಸ್ಥಿ, ಹಿಂಭಾಗ ತೆಳ್ಳನೆಯ ಎಲುಬು. ನನ್ನ ಗೋಡೆ ಎಡಕ್ಕೆ ವಾಲಿ, ತಳದಲ್ಲಿ ಮುಳ್ಳಿನಂತೆ ಚಾಚಿ, ಎಡದ ಹಾದಿಯನ್ನು ಮುಕ್ಕಾಲು ಪಾಲು ಮುಚ್ಚಿತ್ತು. ನಮ್ಮ ಕಡೆ ಜನ ಇದನ್ನು 'ಮೂಗಿನ ಮೂಳೆ ಬೆಳೆದಿದೆ' ಅನ್ನುತ್ತಾರೆ. ಬೆಳೆದಿರುವುದಿಲ್ಲ, ಬಾಗಿರುತ್ತದೆ. ಗೋಡೆ ನೂಲಿಟ್ಟಂತೆ ನೇರ ಇರುವವರು ಕಡಿಮೆ. ಬಹುಮಂದಿಗೆ ಅಷ್ಟಿಷ್ಟು ಡೊಂಕು ಇದ್ದೇ ಇದೆ, ಅದರಿಂದ ತೊಂದರೆಯೂ ಇಲ್ಲ. ಕನ್ನಡದಲ್ಲಿ ತನ್ನ ಮೂಗಿನ ನೇರಕ್ಕೆ ಮಾತಾಡುತ್ತಾನೆ ಅಂತ ಬೈಯುತ್ತೇವೆ. ಆ ನೇರ ಎಷ್ಟು ಡೊಂಕೆಂದು ನನಗೆ ಗೊತ್ತಾದದ್ದು ಆ ಪರದೆಯ ಮುಂದೆ.

"ಚಿಕ್ಕಂದಿನಲ್ಲಿ ಮೂಗಿಗೆ ಪೆಟ್ಟು ಬಿದ್ದಿತ್ತಾ?" ಅಂದರು. ಇಲ್ಲ ಅಂದೆ. ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿದರೆ, "ಯಾಕೋ, ಚಿನ್ನಿದಾಂಡು ಆಡುವಾಗ ಚಿನ್ನಿ ಬಂದು ಬಡಿದು ರಕ್ತ ಸುರಿಸ್ಕೊಂಡು ಬಂದಿರಲಿಲ್ವೇನೋ? ಅಜ್ಜಿ ಕಾಫಿಪುಡಿ ಒತ್ತಿದ್ದರಲ್ಲ" ಅಂದಳು. ಅದರಿಂದಲೇ ಹೀಗಾಯಿತೋ ಹುಟ್ಟಿನಲ್ಲೇ ಹೀಗಿತ್ತೋ ಹೇಳುವವರಾರು? ಆದರೆ ಮಕ್ಕಳಿರುವ ಮನೆಯವರು ಒಂದು ವಿಷಯ ಕಿವಿಯ ಮೇಲೆ ಹಾಕಿಕೊಳ್ಳಬೇಕು. ಮೂಗಿಗೆ ಪೆಟ್ಟು ಬಿದ್ದ ಮಗುವಿಗೆ ಎರಡೂ ಹೊಳ್ಳೆ ಕಟ್ಟಿಕೊಂಡರೆ, ಒಳಗೆ ನಡುವಿನಿಂದ ಕೆಂಪಗೆ ಮೆತ್ತಗೆ ಏನೋ ಉಬ್ಬಿದಂತೆ ಕಂಡರೆ, ಅವತ್ತೇ ಡಾಕ್ಟರಿಗೆ ತೋರಿಸಿ. ನಡುಗೋಡೆಯ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ. ಮೇಲೆ ಹೊದ್ದ ಪೊರೆಯಿಂದಲೇ ಅದಕ್ಕೆ ಆಹಾರ. ಪೊರೆಗೂ ಮೃದ್ವಸ್ಥಿಗೂ ನಡುವೆ ರಕ್ತ ಹೆಪ್ಪುಗಟ್ಟಿದರೆ ಅದು ಉಪವಾಸ ಬೀಳುತ್ತದೆ, ಕೀವಾಗುತ್ತದೆ, ಕೆಲವೇ ದಿನದಲ್ಲಿ ಕರಗಿ ಮೂಗು ನಡುವೆ ಕುಸಿಯುತ್ತದೆ. ರಕ್ತವನ್ನು ಬೇಗ ತೆಗೆದುಬಿಟ್ಟರೆ ಮೂಗು ಉಳಿಯುತ್ತದೆ. ಕಾಫಿಪುಡಿಗೆ ಅಷ್ಟು ಶಕ್ತಿಯಿಲ್ಲ.

ಶಸ್ತ್ರಚಿಕಿತ್ಸೆಯ ಮಾತು ತಕ್ಷಣ ಬರಲಿಲ್ಲ. ಗೋಡೆಯ ಜೊತೆಗೆ ಪಕ್ಕದವರೂ ತಪ್ಪಿತಸ್ಥರಾಗಿದ್ದರು. ಮೂಗಿನ ಪಕ್ಕದ ಗೋಡೆಗಳಿಂದ ಒಳಕ್ಕೆ ಸುರುಳಿಯಂತೆ ಬಾಗಿದ ಎಲುಬುಗಳಿವೆ, ಒಂದರ ಮೇಲೊಂದು ಮೂರು. ಟರ್ಬಿನೇಟ್ ಅನ್ನುತ್ತಾರೆ, ಹಳೆಯ ಲ್ಯಾಟಿನ್ ಹೆಸರು ಕಾಂಕಾ, ಅದು ನಮ್ಮ ಶಂಖದ ನೆಂಟ. ಅವುಗಳ ಮೇಲಿನ ಪೊರೆ ರಕ್ತ ತುಂಬಿದ ಹಾಸಿಗೆಯಿದ್ದಂತೆ. ದಿನಕ್ಕೆ ನಾವು ಎಳೆಯುವ ಸುಮಾರು 10,000 ಲೀಟರ್ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಧೂಳು ಹಿಡಿದು ಕಳಿಸುವುದು ಈ ಶಂಖಗಳ ಕೆಲಸ. ಗೋಡೆ ಒಂದು ಕಡೆ ವಾಲಿದರೆ ಇನ್ನೊಂದು ಕಡೆ ಜಾಗ ಜಾಸ್ತಿಯಾಗುತ್ತದೆ, ಆ ಕಡೆಯ ಕೆಳ ಶಂಖ ಆ ಜಾಗವನ್ನು ತುಂಬಲು ಊದಿಕೊಳ್ಳುತ್ತದೆ. ಹೀಗಾಗಿ ಡೊಂಕು ಎಡಕ್ಕಿದ್ದರೂ ಎರಡೂ ಕಡೆ ಕಟ್ಟಿದೆ ಎಂಬ ದೂರು.

ಆರೋಗ್ಯವಂತರಲ್ಲೂ ಈ ಶಂಖಗಳು ಸರದಿಯ ಮೇಲೆ ಉಬ್ಬಿ ಇಳಿಯುತ್ತಿರುತ್ತವೆ. ಕೆಲವು ಗಂಟೆ ಎಡ ತೆರೆದು ಬಲ ಮುಚ್ಚಿರುತ್ತದೆ, ಆಮೇಲೆ ಅದಲುಬದಲು. ಜರ್ಮನಿಯ ಕೈಸರ್ ಎಂಬ ವೈದ್ಯರು ಇದನ್ನು ವೈದ್ಯಕೀಯ ಲೋಕಕ್ಕೆ ಬರೆದು ತಿಳಿಸಿದ್ದು 1895ರಲ್ಲಿ. ಚಂದ್ರಸ್ವರ, ಸೂರ್ಯಸ್ವರ ಎಂದು ಹೊಳ್ಳೆಗಳ ಸರದಿಯನ್ನು ಲೆಕ್ಕ ಹಾಕುತ್ತಿದ್ದ ನಮ್ಮ ಸ್ವರಯೋಗದವರಿಗೆ ಇದು ಹಳೇ ಸುದ್ದಿ. ಅವರು ಅದರಿಂದ ಪ್ರಯಾಣದ ಶುಭಾಶುಭವನ್ನೂ ಹೇಳುತ್ತಿದ್ದರು. ಅಷ್ಟು ದೂರ ನಾನು ಹೋಗಲಾರೆ.

ಮೊದಲು ಎರಡು ತಿಂಗಳು ಸ್ಟೀರಾಯ್ಡ್ ಸ್ಪ್ರೇ, ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಸ್ಪ್ರೇಗೂ ಒಂದು ಕ್ರಮವಿದೆ: ಎಡಹೊಳ್ಳೆಗೆ ಬಲಗೈಯಿಂದ, ಬಲಹೊಳ್ಳೆಗೆ ಎಡಗೈಯಿಂದ ಹೊಡೆಯಬೇಕು. ಆಗ ಮದ್ದು ನಡುಗೋಡೆಗೆ ಬಡಿಯದೆ ಹೊರಮಗ್ಗುಲಿನ ಶಂಖಗಳಿಗೆ ತಾಗುತ್ತದೆ. ತೊಳೆಯುವ ನೀರು ಕುದಿಸಿ ಆರಿಸಿದ್ದೇ ಆಗಬೇಕು, ನಲ್ಲಿಯದಲ್ಲ. ಎರಡು ತಿಂಗಳಿಗೆ ಬಲಗಡೆ ತೆರೆಯಿತು. ಎಡಗಡೆ ಜಪ್ಪಯ್ಯ ಅನ್ನಲಿಲ್ಲ. ಆಗ ಡಾಕ್ಟರು, "ಊತಕ್ಕೆ ಮದ್ದಿದೆ, ಡೊಂಕಿಗೆ ಮದ್ದಿಲ್ಲ. ಬೇಕಾದ್ರೆ ಆಪರೇಷನ್ ಮಾಡೋಣ. ಆದ್ರೆ ಒಂದು ಮಾತು ಮೇಷ್ಟ್ರೇ, ಗೋಡೆ ಸರಿಮಾಡೋದು ನನ್ನ ಕೆಲಸ, ಹವಾಮಾನ ಸರಿಮಾಡೋಕೆ ನನ್ನ ಕೈಲಾಗಲ್ಲ" ಅಂದರು. ಕಾಂಗ್ರೆಸ್ ಕಳೆ ಹೂ ಬಿಟ್ಟಾಗ ನನಗೆ ಬರುವ ಸೀನನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತದು. ಮೂಗಿನ ಶಸ್ತ್ರಚಿಕಿತ್ಸೆಯ ಬಗ್ಗೆ ನಾನು ಕೇಳಿದ ಮಾತುಗಳಲ್ಲೆಲ್ಲ ಇದಕ್ಕಿಂತ ತೂಕದ್ದು ಇನ್ನೊಂದಿಲ್ಲ.

ಸುದ್ದಿ ಸ್ಟಾಫ್ ರೂಮಿಗೆ ತಲುಪಿತು. "ಮೇಷ್ಟ್ರು ಈ ವಯಸ್ಸಲ್ಲಿ ಮೂಗು ಚೆಂದ ಮಾಡಿಸ್ಕೊಳ್ತಾರಂತೆ" ಎಂದು ನಕ್ಕರು. ಮೂಗಿನ ಚಿಕಿತ್ಸೆ ಅಂದರೆ ಜನರ ಕಣ್ಣಿಗೆ ಮೊದಲು ಕಾಣುವುದು ಮುಖ, ಉಸಿರಲ್ಲ. ಚರಿತ್ರೆಯೂ ಹಾಗೇ ಇದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಕಾವಸ್‌ಜೀ ಎಂಬಾತ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನ ಹಣೆಯ ಚರ್ಮವನ್ನೇ ಕೆಳಕ್ಕೆ ತಿರುಗಿಸಿ ಹೊಸ ಮೂಗು ಕಟ್ಟಿದ. ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ 1794ರ ಅಕ್ಟೋಬರಿನಲ್ಲಿ ಚಿತ್ರಸಹಿತ ಅಚ್ಚುಹಾಕಿತು. ಅದನ್ನು ಓದಿದವರಿಂದಲೇ ಯೂರೋಪಿನ ಪ್ಲಾಸ್ಟಿಕ್ ಸರ್ಜರಿ ಮತ್ತೆ ಚಿಗುರಿತು. ಮೇಣದ ಅಚ್ಚು ಹಣೆಯ ಮೇಲೆ ಹರಡಿ ಅಳತೆ ತೆಗೆದದ್ದು, ಕೂಡಿಸಿದ ಜಾಗಕ್ಕೆ ಬಟ್ಟೆಯ ಪಟ್ಟಿಗೆ ಕಾಚು ಸವರಿ ಅಂಟಿಸಿದ್ದು (ವೀಳ್ಯದೆಲೆಗೆ ಹಾಕುವ ಅದೇ ಕಾಚು), ಎಲ್ಲ ವಿವರ ಅಲ್ಲಿದೆ. ನನಗೆ ಹಿಡಿಸಿದ್ದು ಯಾರೂ ಎತ್ತಿ ಆಡದ ಒಂದು ಸಣ್ಣ ಸಂಗತಿ. ಹತ್ತನೆಯ ದಿನ ಹೊಳ್ಳೆಗಳಿಗೆ ಮೆತ್ತನೆಯ ಬಟ್ಟೆಯ ತುಂಡು ಇಡುತ್ತಿದ್ದರಂತೆ, ದಾರಿ ಮುಚ್ಚಿಹೋಗದಿರಲಿ ಅಂತ. ಸುಶ್ರುತ ಸಂಹಿತೆಯಲ್ಲಿ ಮೂಗು ಕಟ್ಟುವಾಗಲೂ ಎರಡು ನಾಳಗಳನ್ನು ಒಳಗಿರಿಸುವ ಸೂಚನೆಯಿದೆ. ಮುಖದ ಮಾನ ಉಳಿಸುವ ಗಡಿಬಿಡಿಯಲ್ಲೂ ಒಬ್ಬ ಉಸಿರನ್ನು ನೆನಪಿಟ್ಟುಕೊಂಡಿದ್ದ.

ಒಳಗಿನ ಗೋಡೆಗೆ ಕೈಹಾಕುವ ವಿದ್ಯೆ ಗಟ್ಟಿಯಾದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಷಿಕಾಗೋದ ಫ್ರೀರ್ 1902ರಲ್ಲೂ ಜರ್ಮನಿಯ ಕಿಲಿಯನ್ 1904ರಲ್ಲೂ ದಾರಿ ತೋರಿಸಿದರು: ಪೊರೆಯನ್ನು ಹರಿಯದಂತೆ ಎರಡೂ ಕಡೆ ಎಬ್ಬಿಸಿ, ನಡುವಿನ ಡೊಂಕು ಭಾಗವನ್ನಷ್ಟೇ ತೆಗೆದು, ಪೊರೆಗಳನ್ನು ಮತ್ತೆ ಕೂಡಿಸುವುದು. ದಿಂಬಿನ ಗವಸು ಹಾಗೇ ಇಟ್ಟು ಒಳಗಿನ ಗಂಟು ಹತ್ತಿಯನ್ನು ತೆಗೆದ ಹಾಗೆ. ತುಂಬ ತೆಗೆದವರ ರೋಗಿಗಳ ಮೂಗು ಕುದುರೆಯ ಜೀನಿನಂತೆ ಕುಸಿಯಿತು, ಕೆಲವರ ಗೋಡೆಯಲ್ಲಿ ತೂತು ಬಿದ್ದು ಉಸಿರಾಡಿದರೆ ಸಿಳ್ಳೆ ಕೇಳಿಸಿತು. ಅದರಿಂದ ಪಾಠ ಕಲಿತು ಮುಂದೆ ಹಾಗೂ ಮೇಲೆ ಒಂದೊಂದು ಸೆಂಟಿಮೀಟರಿನಷ್ಟು ಪಟ್ಟಿಯನ್ನು ಮುಟ್ಟದೆ ಬಿಡುವ ನಿಯಮ ಬಂತು, ಚಪ್ಪರಕ್ಕೆ ಒಂದು ಕಂಬ ಒಂದು ತೊಲೆ ಉಳಿಸಿದ ಹಾಗೆ. ಈಗ ತೆಗೆಯುವುದಕ್ಕಿಂತ ನೆಟ್ಟಗೆ ಮಾಡಿ ಕೂರಿಸುವುದೇ ಹೆಚ್ಚು. ಇದರ ಹೆಸರು ಸೆಪ್ಟೊಪ್ಲಾಸ್ಟಿ.

ನನಗೆ ಪೂರ್ತಿ ಅರಿವಳಿಕೆ ಕೊಟ್ಟು ಒಂದು ಗಂಟೆಯಲ್ಲಿ ಮುಗಿಸಿದರು. ಕೊಯ್ದದ್ದು ಮೂಗಿನೊಳಗೇ, ಹೊರಗೆ ಗೆರೆಯಿಲ್ಲ, ಮೂಗಿನ ಆಕಾರ ಬದಲಾಗಲಿಲ್ಲ. ಸ್ಟಾಫ್ ರೂಮಿಗೆ ನಿರಾಸೆ. ಎಚ್ಚರವಾದಾಗ ಎರಡೂ ಹೊಳ್ಳೆಗೆ ಪ್ಯಾಕ್ ತುರುಕಿದ್ದರು. ಈಗೀಗ ಹಲವರು ಪ್ಯಾಕ್ ಇಡುವುದಿಲ್ಲ, ಪೊರೆಗಳನ್ನು ದುಪ್ಪಟಿ ಹೊಲಿದಂತೆ ಆರುಪಾರು ಹೊಲಿಯುತ್ತಾರೆ. ನನಗೆ ಎರಡು ದಿನ ಇತ್ತು. ನೋವಿಗಿಂತ ಹಿಂಸೆ ಇನ್ನೊಂದು: ಒಂದು ಗುಟುಕು ನೀರು ನುಂಗಿದರೂ ಕಿವಿಯೊಳಗೆ ಗಪ್ಪೆನ್ನುತ್ತದೆ. ತಿಳಿಸಾರು ಬರೀ ಉಪ್ಪು, ಹುಳಿ, ಖಾರ. ಇಂಗಿನ ಒಗ್ಗರಣೆ ಎಲ್ಲಿ ಹೋಯಿತೋ! ಮೂರನೇ ದಿನ ಡಾಕ್ಟರು ಚಿಮಟದಲ್ಲಿ ತುದಿ ಹಿಡಿದು ಎಳೆದರು. ಬಂತು ಬಂತು ಬರುತ್ತಲೇ ಇತ್ತು, ಸಂತೆಯ ಜಾದೂಗಾರ ಬಾಯಿಂದ ಕಾಗದದ ಪಟ್ಟಿ ಎಳೆಯುವಂತೆ. ಅದು ಬಿದ್ದ ಕ್ಷಣ ತಣ್ಣನೆಯ ಗಾಳಿ ನೇರ ಗಂಟಲ ಹಿಂಭಾಗಕ್ಕೆ ಹೊಡೆಯಿತು. ಕೆಮ್ಮು ಬಂತು, ಕಣ್ಣಲ್ಲಿ ನೀರು. ಇಷ್ಟು ದಿನ ಎಲ್ಲರೂ ಹೀಗೆ ಉಸಿರಾಡುತ್ತಿದ್ದರೇ ಅನ್ನಿಸಿತು.

ಆ ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ಒಳಗಿನ ಊತದಿಂದ ಮೂಗು ಮತ್ತೆ ಕಟ್ಟಿತು. ಇದು ಸಹಜ, ಆದರೆ ಯಾರಾದರೂ ಮುಂಚೆ ಹೇಳಬೇಕು. ಇಲ್ಲದಿದ್ದರೆ ದುಡ್ಡು ಹೋಯಿತು ಅಂತ ಮನುಷ್ಯ ಕೂತುಬಿಡುತ್ತಾನೆ. ವಾರಗಟ್ಟಲೆ ಹಕ್ಕಳೆ ಕಟ್ಟುತ್ತದೆ, ಉಪ್ಪುನೀರಿನಲ್ಲಿ ನೆನೆಸಿ ತೆಗೆಯಬೇಕು. ಮೂಗು ಸೀಟುವಂತಿಲ್ಲ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು; ನಮ್ಮ ಮನೆಯ ಬೆಕ್ಕು ಆ ಹದಿನೈದು ದಿನ ನನ್ನ ಕೋಣೆಗೆ ಬರಲಿಲ್ಲ. ಮೇಲಿನ ಮುಂಹಲ್ಲುಗಳು ಒಂದಷ್ಟು ದಿನ ಜೋಮು ಹಿಡಿದಂತಿದ್ದವು. ಆರನೇ ವಾರವೋ ಏಳನೆಯದೋ, ಊಟದ ಹೊತ್ತಿಗೆ ನಮ್ಮ ಮನೆಯವರು, "ಏನ್ರೀ, ಇವತ್ತು ಊಟದ ಸದ್ದೇ ಇಲ್ಲ?" ಅಂದರು. ಬಾಯಿ ಮುಚ್ಚಿ ಅಗಿಯುತ್ತಿದ್ದೆ. ನನಗೆ ಗೊತ್ತೇ ಆಗಿರಲಿಲ್ಲ.

ಈ ಚಿಕಿತ್ಸೆ ನಿಜಕ್ಕೂ ಉಪಯೋಗವೋ, ನಮ್ಮ ಭ್ರಮೆಯೋ ಎಂಬ ಪ್ರಶ್ನೆಯನ್ನು ಡಾಕ್ಟರುಗಳೇ ಬಹಳ ಕಾಲ ಕೇಳಿಕೊಂಡರು. ನೆದರ್ಲೆಂಡ್ಸಿನಲ್ಲಿ 203 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಅರ್ಧ ಜನಕ್ಕೆ ಶಸ್ತ್ರಚಿಕಿತ್ಸೆ, ಅರ್ಧ ಜನಕ್ಕೆ ಅದಿಲ್ಲದ ಆರೈಕೆ ಕೊಟ್ಟು ನೋಡಿದ ಫಲಿತಾಂಶ 2019ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಬ್ರಿಟನ್ನಿನಲ್ಲಿ 378 ಮಂದಿಯ ಮೇಲೆ ನಡೆದ ಇಂಥದೇ ಪರೀಕ್ಷೆ 2023ರಲ್ಲಿ ಪ್ರಕಟವಾಯಿತು. ಎರಡರಲ್ಲೂ ಶಸ್ತ್ರಚಿಕಿತ್ಸೆಯಾದವರೇ ಹೆಚ್ಚು ನೆಮ್ಮದಿಯಾಗಿದ್ದರು. ಆದರೆ ಅವರೆಲ್ಲ ಡೊಂಕಿನಿಂದಲೇ ಉಸಿರು ಕಟ್ಟುತ್ತಿದ್ದವರು ಎಂಬುದನ್ನು ಮರೆಯಬಾರದು. ಗೊರಕೆ ನಿಲ್ಲುತ್ತದೆ ಅಂತ ಹೋಗುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ನಿದ್ದೆಯಲ್ಲಿ ಉಸಿರೇ ನಿಂತು ನಿಂತು ಬರುವ ತೊಂದರೆಗೆ ಅಡ್ಡಿ ಬಹುತೇಕ ಗಂಟಲಲ್ಲಿರುತ್ತದೆ. ಮೂಗು ತೆರೆದರೆ, ಆ ತೊಂದರೆಗೆಂದು ಮಲಗುವಾಗ ಮುಖಕ್ಕೆ ಹಾಕುವ ಯಂತ್ರ ಸಹ್ಯವಾಗಬಹುದು, ರೋಗ ಹೋಗುವುದು ಅಪರೂಪ.

ಇನ್ನು ದಾರಿ ಅಗಲವಾದಷ್ಟೂ ಉಸಿರು ಹಗುರ ಎಂಬ ಲೆಕ್ಕ. ಇದು ರಸ್ತೆ ಅಗಲ ಮಾಡುವವರ ಲೆಕ್ಕ, ಮೂಗಿನದಲ್ಲ. ಗಾಳಿ ಹೋಗುತ್ತಿದೆ ಎಂದು ನಮಗೆ ಗೊತ್ತಾಗುವುದು ಪೊರೆಗೆ ತಣ್ಣನೆ ತಾಗುವುದರಿಂದ. ಪೆಪ್ಪರ್‌ಮೆಂಟು ಚೀಪಿದರೆ, ನೆಗಡಿಯ ಮುಲಾಮು ಮೂಸಿದರೆ ಮೂಗು ಬಿಟ್ಟಂತಾಗುತ್ತದಲ್ಲ, ಅಳೆದು ನೋಡಿದರೆ ದಾರಿ ಕೂದಲೆಳೆಯಷ್ಟೂ ಅಗಲವಾಗಿರುವುದಿಲ್ಲ. ಪುದೀನದ ಸತ್ವ ಚಳಿಯನ್ನು ಅರಿಯುವ ನರವನ್ನು ಮುಟ್ಟಿ ಏಮಾರಿಸಿರುತ್ತದೆ. ಇದರ ತಿರುಗುಮುರುಗೂ ಉಂಟು. ಊದಿದ ಶಂಖವನ್ನು ಪೂರಾ ಕತ್ತರಿಸಿ ಎಸೆದರೆ ಮೂಗು ಬಾವಿಯಷ್ಟು ಖಾಲಿಯಾಗಿದ್ದರೂ ರೋಗಿ ಉಸಿರು ಕಟ್ಟುತ್ತಿದೆ ಎಂದು ಒದ್ದಾಡುತ್ತಾನೆ. ಗಾಳಿ ಹೋಗುತ್ತದೆ, ಹೋದದ್ದು ತಿಳಿಯುವುದಿಲ್ಲ. ಖಾಲಿ ಮೂಗಿನ ಕಾಯಿಲೆ ಅಂತಲೇ ಅದಕ್ಕೆ ಹೆಸರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಎಂಬ ಗಾದೆಯನ್ನು ಹೋಲಿಕೆಗೆ ಪಾಠ ಮಾಡುತ್ತಿದ್ದೆ. ಅದು ಅಕ್ಷರಶಃ ನಡೆದಿರುವುದು ಆಗ ಗೊತ್ತಿರಲಿಲ್ಲ. ಅದಕ್ಕೇ ಈಗ ಶಂಖದ ಪೊರೆಯನ್ನು ಉಳಿಸಿ ಒಳಗಿನ ಊತವನ್ನಷ್ಟೇ ಇಳಿಸುತ್ತಾರೆ. ನಿಮ್ಮ ಡಾಕ್ಟರು ಶಂಖಕ್ಕೆ ಕೈಹಾಕುವೆನೆಂದರೆ ಎಷ್ಟು ತೆಗೆಯುತ್ತೀರಿ, ಎಷ್ಟು ಬಿಡುತ್ತೀರಿ ಅಂತ ಸಂಕೋಚವಿಲ್ಲದೆ ಕೇಳಿ.

ನನಗೆ ಸೀನು ಈಗಲೂ ಬರುತ್ತದೆ. ಮಳೆ ನಿಂತು ಕಾಂಗ್ರೆಸ್ ಕಳೆ ಬೆಳ್ಳಗೆ ಹೂ ಬಿಟ್ಟ ವಾರವೇ ಶುರು. ಆಗೊಂದು ತಿಂಗಳು ಸ್ಪ್ರೇ, ಬಲಗೈ ಎಡಹೊಳ್ಳೆಗೆ, ಎಡಗೈ ಬಲಹೊಳ್ಳೆಗೆ. ಇವತ್ತು ಇಲ್ಲಿ ಕೂರುವಾಗ ಹಳೇ ಅಭ್ಯಾಸದಿಂದ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡೆ. ಗಾಜಿನಾಚೆಯಿಂದ ಕೈಸನ್ನೆ ಬಂತು, ಮುಂದಕ್ಕೆ ಬನ್ನಿ ಅಂತ.